ಎಲುಬಿಲ್ಲದ ಕರಡಿ

ಕರಡಿ ಬೆನ್ನು ನೆಟ್ಟಗೆ ಮಾಡಿಕೊಂಡಿದೆ ಎಂಬ ಸುದ್ದಿಯನ್ನು ದುರಗಪ್ಪನಿಗೆ ಮೊದಲು ಮುಟ್ಟಿಸಿದವನು ಚಾಂದಪಾಶಾ. ಯಾದಗಿರಿ ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಟೆಂಟು ಹೊಡೆದು ಪಿಚ್ಚರ್ ತೋರಿಸುವವನು ಅವನು. ದೊಡ್ಡ ಪಿಚ್ಚರ್ ಸುರುವಾಗುವ ಮೊದಲು, ಜನ ಜಾಗ ಹಿಡಿದು ಎಲೆಗೆ ಸುಣ್ಣ ಸವರಿಕೊಳ್ಳುವ ಹೊತ್ತಿಗೆ, ಒಂದು ಚಿಕ್ಕ ಪಿಚ್ಚರ್ ಬಿಡುತ್ತಿದ್ದ. ಅದರಲ್ಲಿ ಮನುಷ್ಯರೇ ಇಲ್ಲ. ಯಾವುದೋ ಪರದೇಶದವರು ಗೆರೆ ಎಳೆದು ಬರೆದ ಕರಡಿಯೊಂದು ತಲೆಗೆ ಟೊಪ್ಪಿಗೆ ಇಟ್ಟುಕೊಂಡು ತಾನೇ ತಾನಾಗಿ ನಡೆಯುತ್ತಿತ್ತು, ಬೀಳುತ್ತಿತ್ತು, ಎದ್ದು ಕುಣಿಯುತ್ತಿತ್ತು.

ದುರಗಪ್ಪ ಹಗಲುವೇಷದವನು. ಹಾಡುಹಗಲೇ ಬಣ್ಣ ಬಳಿದುಕೊಂಡು ಊರೂರು ತಿರುಗಿ ಬೀದಿಯಲ್ಲೇ ಆಡಿ ತೋರಿಸುವುದು ಅವನ ಮನೆತನದ ಕಸುಬು. ರಾಮನಾದ, ರಾವಣನಾದ, ಗೌಡರು ಕೇಳಿದರೆ ಶೂರ್ಪನಖಿಯೂ ಆದ. ಆದರೆ ಈ ಕರಡಿಯನ್ನು ಕಂಡದ್ದೇ ಹುಚ್ಚು ಹತ್ತಿತು. ಕರಿ ಕಂಬಳಿ ಹರಿದು ಮೈ ಹೊಲಿದ, ಕಾಗದ ನೆನೆಸಿ ಮೆಂತ್ಯ ಹಾಕಿ ಅರೆದು ತಲೆ ಮಾಡಿದ. ಮೈ, ತಲೆ ಯಾರು ಬೇಕಾದರೂ ಮಾಡಿಯಾರು, ನಡಿಗೆ ಹಿಡಿಯಬೇಕಲ್ಲ. ಆ ಕರಡಿಯ ಬೆನ್ನು ಬಿಲ್ಲಿನಂತೆ ಬಾಗಿತ್ತು. ಕೈಗಳು ಮೊಣಕಾಲಿನ ತನಕ ಜೋತುಬಿದ್ದು ತೂಗುತ್ತಿದ್ದವು. ಒಂದೊಂದು ಹೆಜ್ಜೆಗೂ ಇಡೀ ಮೈ ಕುಸಿದು ಪುಟಿದು ಏಳುತ್ತಿತ್ತು. ಟೆಂಟಿನಲ್ಲಿ ಕೂತು ಕೂತು, ಮನೆಯಲ್ಲಿ ಹೆಂಡತಿ ಅಮೃತಮ್ಮನ ಕೈಲಿ ಬೈಸಿಕೊಂಡು, ದುರಗಪ್ಪ ಆ ನಡಿಗೆಯನ್ನು ಹಿಡಿದೇ ಹಿಡಿದ. ಆಮೇಲೆ ರಾಮ ರಾವಣರನ್ನು ಕೇಳುವವರೇ ಇಲ್ಲವಾದರು. ಹೋದ ವರ್ಷ ಸುರಪುರದಲ್ಲಿ ಪೊಲೀಸ್ ಅಮೀನನೇ ಕುರ್ಚಿ ತರಿಸಿಕೊಂಡು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ.

ಈಗ ಹೊಸ ಪಿಚ್ಚರ್ ಬಂದಿತ್ತು. ಅದೇ ಕರಡಿ, ಅದೇ ಟೊಪ್ಪಿಗೆ. ಆದರೆ ಎದೆ ಮುಂದೆ, ಬೆನ್ನು ನೆಟ್ಟಗೆ. ಹಿಮ್ಮಡಿ ಊರಿ ನಿಧಾನಕ್ಕೆ ನಡೆಯುತ್ತದೆ. ತಿರುಗಬೇಕಾದರೆ ಒಂದು ಗಳಿಗೆ ನಿಂತು, ಯೋಚನೆ ಮಾಡಿ, ಇಡೀ ಮೈಯನ್ನೇ ತಿರುಗಿಸುತ್ತದೆ. ಬೀಳುವುದಂತೂ ಇಲ್ಲವೇ ಇಲ್ಲ. ದುರಗಪ್ಪನಿಗೆ ಇದು ಸೇರಲಿಲ್ಲ. ಮೊದಲಿನ ಕರಡಿಗೆ ಎಲುಬೇ ಇರಲಿಲ್ಲ, ಅದಕ್ಕೇ ನಗು ಬರುತ್ತಿತ್ತು. ಇದಕ್ಕೆ ಎಲುಬು ಬಂದು ಸರ್ಕಾರಿ ನೌಕರಿ ಸಿಕ್ಕ ಅಳಿಯನಂತಾಗಿದೆ ಎಂದು ಬೈದ. ಚಾಂದಪಾಶಾ ನಗಲಿಲ್ಲ. ನಾಳೆ ಮುಂಜಾನೆ ಬಾ, ಹೆಂಡತಿಯನ್ನೂ ಕರೆದುಕೊಂಡು ಬಾ ಎಂದಷ್ಟೇ ಹೇಳಿದ.

ಮುಂಜಾನೆ ಹೋದರೆ, ಪರದೆಯ ಹಿಂದೆ ಪಿಚ್ಚರ್ ಡಬ್ಬಿಗಳ ನಡುವೆ ದೇವಿಂದ್ರ ನಿಂತಿದ್ದ. ಅಮೃತಮ್ಮನ ಬೆನ್ನಿಗೆ ಬಿದ್ದ ತಮ್ಮ. ಸತ್ತೇ ಹೋಗಿದ್ದಾನೆಂದು ಅವಳು ಅತ್ತು ಕಣ್ಣು ಬತ್ತಿಸಿಕೊಂಡಿದ್ದ ತಮ್ಮ. ಅವಳು ಓಡಿಹೋಗಿ ತಬ್ಬಿಕೊಳ್ಳಬೇಕೆನ್ನುವಷ್ಟರಲ್ಲಿ ಚಾಂದಪಾಶಾ ತಡೆದ.

ದೇವಿಂದ್ರನೂ ವೇಷದವರ ಮನೆಯ ಹುಡುಗನೇ. ಮೀಸೆ ಮೂಡುವ ತನಕ ಅಪ್ಪನ ಜೊತೆ ಬಣ್ಣ ಹಚ್ಚಿ ಕುಣಿದವನು. ಆಮೇಲೆ, ಕಂಡಕಂಡವರ ಮುಂದೆ ಬಗ್ಗಿ ಬದುಕುವ ಕಸುಬು ತನಗೆ ಬೇಡ ಎಂದು ಜಗಳಾಡಿ ಶಹಾಪುರದ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತ. ಅಲ್ಲಿ ಅವನಿಗೆ ಸ್ವರಾಜ್ಯದ ಗಾಳಿ ತಗುಲಿತು. ದೇಶಕ್ಕೆಲ್ಲ ಬಂದ ಸ್ವಾತಂತ್ರ್ಯ ನಿಜಾಮನ ಸೀಮೆಗೆ ಮಾತ್ರ ಬಂದಿರಲಿಲ್ಲ. ಕಚೇರಿಯ ಮುಂದೆ ಬಾವುಟ ಏರಿಸಿ ಸಿಕ್ಕಿಬಿದ್ದ. ಬಾವುಟಕ್ಕೆ ಬೆನ್ನು ತಿರುಗಿಸಿ ನಿಜಾಮನ ಹೆಸರಿಗೆ ಬಗ್ಗಿ ಸಲಾಮು ಮಾಡು ಎಂದರಂತೆ ಪೊಲೀಸರು; ಬಗ್ಗಲಿಲ್ಲ. ಬೆನ್ನಿನ ಎಲುಬು ಸೀಳುವ ತನಕ ಲಾಠಿಯಿಂದ ಬಡಿದರು. ಸತ್ತನೆಂದು ಬಿಟ್ಟ ಜಾಗದಿಂದ ಗೆಳೆಯರು ಎತ್ತಿಕೊಂಡು ಹೋಗಿ ರಾಮಸಮುದ್ರದಲ್ಲಿ ಎಲುಬು ಕಟ್ಟುವ ಸಾಯಬಮ್ಮನ ಮನೆಯಲ್ಲಿ ಅಡಗಿಸಿಟ್ಟರು. ಆಕೆ ಹಿಂದೆ ಮುಂದೆ ಬಿದಿರ ದಬ್ಬೆ ಇಟ್ಟು ಬಿಗಿದು ಕಟ್ಟಿದ್ದಳು. ಮಲಗಬಹುದು, ನಿಲ್ಲಬಹುದು, ನಿಧಾನ ನಡೆಯಬಹುದು. ಎಲುಬು ಕೂಡುವ ಮೊದಲು ಒಂದು ಸಲ ಬಗ್ಗಿದರೂ ಆಯಿತು, ಮತ್ತೆ ಈ ಜನ್ಮದಲ್ಲಿ ನೆಟ್ಟಗಾಗುವುದಿಲ್ಲ, ಜೀವ ಉಳಿದರೇ ಹೆಚ್ಚು ಎಂದು ಹೇಳಿ ಕಳಿಸಿದ್ದಳು.

ಅವನು ಬದುಕಿರುವ ವಾಸನೆ ಪೊಲೀಸರಿಗೂ ರಜಾಕಾರರಿಗೂ ಹತ್ತಿತ್ತು. ಮುಖ ನೋಡಿ ಹಿಡಿಯುವುದನ್ನು ಅವರು ಬಿಟ್ಟಿದ್ದರು. ಗಡ್ಡ ಬಿಟ್ಟರೆ ಮುಖ ಬದಲಾಗುತ್ತದೆ. ಬೆನ್ನು ಬಗ್ಗದ ಗಂಡಸು ಸಿಕ್ಕರೆ ಹಿಡಿಯಿರಿ ಎಂದು ನಾಕಾ ನಾಕಾಕ್ಕೂ ಹುಕುಂ ಹೋಗಿತ್ತು. ದಾರಿಹೋಕರೆಲ್ಲ ಬಗ್ಗಿ ನೆಲ ಮುಟ್ಟಿ ಮುಂದೆ ಸಾಗಬೇಕು. ಉಳಿದದ್ದು ಒಂದೇ ದಾರಿ. ಸುರಪುರದ ಆಚೆಯ ನಾಕಾ ದಾಟಿ, ಹೊಲಗಳೊಳಗೆ ಹಾದು ತಾಳಿಕೋಟಿ ಸೇರಿದರೆ ಅಲ್ಲಿ ನಿಜಾಮನ ಹುಕುಂ ನಡೆಯುವುದಿಲ್ಲ.

ಚಾಂದಪಾಶಾ ದುರಗಪ್ಪನ ಮುಖ ನೋಡಿದ. ದುರಗಪ್ಪನಿಗೆ ಹೇಳದೆಯೇ ತಿಳಿಯಿತು. ನಮ್ಮ ಸೀಮೆಯಲ್ಲಿ ಒಂದು ಪದ್ಧತಿ. ವೇಷ ಹಾಕಿದವನನ್ನು, ಅವನು ಮುಖ ತೊಳೆಯುವ ತನಕ, ಹೆಸರು ಹಿಡಿದು ಕರೆಯುವುದಿಲ್ಲ, ಮೈ ಮುಟ್ಟುವುದಿಲ್ಲ, ವೇಷ ಕಳಚು ಎನ್ನುವುದಿಲ್ಲ. ಹಿಂದೂ ಮುಸಲ್ಮಾನ ಯಾರೂ ಅದನ್ನು ಮುರಿದದ್ದಿಲ್ಲ. ಹಳೇ ಕರಡಿಯಾಗಿದ್ದರೆ ದೇವಿಂದ್ರನ ಕೈಲಿ ಆಗುತ್ತಿರಲಿಲ್ಲ. ಎಲುಬು ಬಂದ ಈ ಹೊಸ ಕರಡಿ ಅವನಿಗಾಗಿಯೇ ಹುಟ್ಟಿ ಬಂದಂತಿತ್ತು.

ಹತ್ತಿ ಗಾಡಿಯಲ್ಲಿ ಮೂಟೆಗಳ ಮೇಲೆ ಮಲಗಿಸಿ ಶಹಾಪುರದ ತನಕ ಬಂದರು. ಅಲ್ಲಿಂದ ದೇವಿಂದ್ರ ಕರಡಿಯಾದ. ದುರಗಪ್ಪ ತಬಲಾ ಸೊಂಟಕ್ಕೆ ಕಟ್ಟಿಕೊಂಡ, ಅಮೃತಮ್ಮ ಗಂಟು ಹೊತ್ತಳು. ಅವನನ್ನು ಹಿಡಿದು ಬಡಿದ ಊರಿನ ಬಜಾರಿನಲ್ಲೇ, ಕಚೇರಿಯ ಎದುರಿಗೇ, ಕರಡಿ ಎದೆ ಮುಂದೆ ಮಾಡಿಕೊಂಡು ನಡೆಯಿತು. ಯಾದಗಿರಿಗೆ ಹೋಗಿ ಪಿಚ್ಚರ್ ನೋಡಿ ಬಂದಿದ್ದ ಪಡ್ಡೆಗಳು, ಇದು ಹೊಸ ಕರಡಿ, ಥೇಟ್ ಹಂಗೇ ಅದ ಎಂದು ಸಿಳ್ಳೆ ಹಾಕಿದರು. ಇಬ್ಬರು ಪೊಲೀಸರು ನೋಡಿ ನಕ್ಕು ದಾರಿ ಬಿಟ್ಟರು. ದುರಗಪ್ಪನ ಎದೆ ಅರಳಿತು. ತಪ್ಪು ಆದದ್ದೂ ಅಲ್ಲಿಯೇ. ಶಹಾಪುರದವರಿಗೆ ಯಾದಗಿರಿ ಹಿತ್ತಲ ಬಾಗಿಲಿದ್ದಂತೆ, ಸುರಪುರದವರಿಗೆ ಹಾಗಲ್ಲ. ಪಿಚ್ಚರ್ ಡಬ್ಬಿ ಅಲ್ಲಿಗೆ ಮುಟ್ಟಬೇಕಾದರೆ ಮಳೆಗಾಲ ಕಳೆಯಬೇಕು, ಅಲ್ಲಿಯ ತನಕ ಅವರಿಗೆ ಹಳೇ ಕರಡಿಯೇ ಕರಡಿ. ಊರೂರು ತಿರುಗುವ ವೇಷದವನಿಗೆ ಇಷ್ಟು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಸುರಪುರದ ಆಚೆಯ ನಾಕಾ ಎಂದರೆ ರಸ್ತೆಗೆ ಅಡ್ಡ ಕಟ್ಟಿದ ಬೊಂಬು, ಬೇವಿನ ಗಿಡ, ಅದರ ನೆರಳಿಗೆ ಒಂದು ಕುರ್ಚಿ. ಕುರ್ಚಿಯಲ್ಲಿ ಅದೇ ಅಮೀನ. ಬಂದೂಕಿನವರು ನಾಲ್ಕಾರು ಮಂದಿ. ಇವರ ಮುಂದೆ ಇದ್ದ ಮುದುಕನೊಬ್ಬ ಬಗ್ಗಿ ನೆಲ ಮುಟ್ಟಿ, ಸೊಂಟ ಹಿಡಿದುಕೊಂಡು ದಾಟಿದ. ಅಮೀನ ಕರಡಿಯನ್ನು ಕಂಡು ಎದ್ದೇ ಬಿಟ್ಟ. ಒಂದು ವರ್ಷ ಕಾದ ನೆಂಟನನ್ನು ಕಂಡಷ್ಟು ಖುಷಿ ಅವನ ಮುಖದಲ್ಲಿತ್ತು. ನೀನು ಹೊರಗಿದ್ದೀ, ಒಳಗೆ ಯಾರು ಎಂದು ದುರಗಪ್ಪನನ್ನು ಕೇಳಿದ. ನನಗೆ ಮೊಣಕಾಲು ಬೇನೆ, ಅಣ್ಣನ ಮಗ ಹುಲಗಪ್ಪನಿಗೆ ಕಲಿಸಿದ್ದೇನೆ ಎಂದ ದುರಗಪ್ಪ. ಅಮೀನ ಪದ್ಧತಿ ಬಲ್ಲವನು. ತಲೆ ತೆಗೆ ಎನ್ನಲಿಲ್ಲ, ಮೈ ಮುಟ್ಟಲಿಲ್ಲ. ನಡೆದು ತೋರಿಸಲಿ ಎಂದ, ಅಷ್ಟೇ.

ದುರಗಪ್ಪ ನಿಧಾನದ ಪೆಟ್ಟು ಹಾಕಿದ. ಕರಡಿ ಹಿಮ್ಮಡಿ ಊರಿ ನಾಲ್ಕು ಹೆಜ್ಜೆ ನಡೆದು, ನಿಂತು, ಇಡೀ ಮೈ ತಿರುಗಿಸಿತು. ಅಮೀನನ ಮುಖ ಇಳಿಯಿತು.

"ಇದು ನಮ್ಮ ಕರಡಿ ಅಲ್ಲ."

ಹೊಸ ಪಿಚ್ಚರಿನಲ್ಲಿ ಕರಡಿ ಹೀಗೇ ಆಗಿದೆ, ಯಾದಗಿರಿಯಲ್ಲಿ ಜನ ಮುಗಿಬಿದ್ದು ನೋಡುತ್ತಿದ್ದಾರೆ ಎಂದು ದುರಗಪ್ಪ ವಿವರಿಸಿದ. ಮಾತು ಹೆಚ್ಚಾಗುತ್ತಿತ್ತು. ಅಮೀನ ಕೇಳಿಸಿಕೊಂಡ. ಒಂದು ಸಲ ಬರೆದ ಕರಡಿ ಬದಲಾಗುತ್ತದೆಂದರೆ ಅವನು ನಂಬಲೊಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕ. ಬೇಕಾದರೆ ಹಳೆಯದನ್ನು ನಾನೇ ಮಾಡುತ್ತೇನೆ ಎಂದು ದುರಗಪ್ಪ ಧೋತರ ಎತ್ತಿ ಕಟ್ಟಿ ಬಾಗಿ ಎರಡು ಹೆಜ್ಜೆ ಹಾಕಿಯೂ ತೋರಿಸಿದ. ಅಮೀನ ಕೈ ಬೀಸಿದ. ಬರೀ ಮನುಷ್ಯ ಬಗ್ಗುವುದನ್ನು ಮುಂಜಾನೆಯಿಂದ ನೋಡುತ್ತಲೇ ಇದ್ದೇನೆ, ಕರಡಿ ಬೇಕು ಎಂದ. ಆಮೇಲೆ ಅವನ ಕಣ್ಣು ಕರಡಿಯ ಬೆನ್ನ ಮೇಲೆ ನಿಂತಿತು. ದನಿ ಬದಲಾಯಿತು.

"ಯಾಕೋ, ಇದು ಬಗ್ಗಂಗಿಲ್ಲೇನು?"

ಬಂದೂಕಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮೀನನಿಗೆ ಸಂಶಯ ಬಂದಿತ್ತೋ, ಬರೀ ನಗಬೇಕಿತ್ತೋ, ದುರಗಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬಗ್ಗುವುದಿಲ್ಲ ಎಂದರೆ ಇಲ್ಲೇ ಬೇವಿನ ಗಿಡದ ಕೆಳಗೆ ಮೂವರ ಹೆಣ. ಬಗ್ಗು ಎಂದರೆ ಸಾಯಬಮ್ಮ ಹೇಳಿದ್ದೇ ಆದೀತು. ಬಗ್ಗು ಎನ್ನಲು ತಾನು ಯಾರು? ಅವನ ಕೈ ತಬಲಾದ ಮೇಲೆ ಸುಮ್ಮನೆ ಬಿದ್ದಿತ್ತು. ಅಮೃತಮ್ಮನ ಕಡೆ ನೋಡುವ ಧೈರ್ಯ ಆಗಲಿಲ್ಲ.

ಆಗ ಕರಡಿ ಬಲಗಾಲನ್ನು ನೆಲಕ್ಕೆ ತಟ್ಟಿತು. ತುಸು ತಡೆದು ಮತ್ತೆ ತಟ್ಟಿತು. ವೇಷದವರಲ್ಲಿ ಅದರ ಅರ್ಥ ಒಂದೇ: ನಾನು ತಯಾರು, ಬಾರಿಸು. ಅಪ್ಪನಿಂದ ಕಲಿತ ಸನ್ನೆಯನ್ನು ಆ ಮೊಂಡ ಹುಡುಗ ಮರೆತಿರಲಿಲ್ಲ.

ದುರಗಪ್ಪ ಬಾರಿಸಿದ. ಹಳೇ ಕರಡಿಯ ಪೆಟ್ಟು, ಕುಸಿಯುವುದಕ್ಕೊಂದು, ಪುಟಿಯುವುದಕ್ಕೊಂದು. ಕರಡಿ ತಲೆ ತಗ್ಗಿಸಿತು, ಭುಜ ಇಳಿಬಿಟ್ಟಿತು, ಕೈ ಜೋತುಬಿಟ್ಟಿತು, ಬೆನ್ನು ಬಾಗಿಸಿತು. ಲಟಕ್ಕೆಂದು ಏನೋ ಮುರಿಯಿತು. ತಬಲಾದ ಸದ್ದಿನ ಒಳಗೆ ಅದು ದುರಗಪ್ಪನಿಗಷ್ಟೇ ಕೇಳಿಸಿತು. ಬಿದಿರೋ ಎಲುಬೋ ತಿಳಿಯಲಿಲ್ಲ. ಬಿದಿರಾಗಿರಲಿ ದೇವರೇ ಎಂದುಕೊಂಡು, ಮತ್ತೇನಾದರೂ ಮುರಿದರೆ ಯಾರಿಗೂ ಕೇಳಿಸದಿರಲೆಂದು ಇನ್ನೂ ಗಟ್ಟಿಯಾಗಿ ಬಡಿದ. ಕರಡಿ ಕುಸಿಯಿತು, ಪುಟಿಯಿತು. ಬೊಂಬಿನ ತನಕ ಹೋಗಿ ತಿರುಗಿ ಬಂತು. ಎರಡು ವರ್ಷ ಬೆವರು ಸುರಿಸಿ ದುರಗಪ್ಪ ಹಿಡಿದಿದ್ದ ನಡಿಗೆ ಇದರ ಮುಂದೆ ಏನೂ ಅಲ್ಲ. ನಿಜವಾಗಿಯೂ ಅದಕ್ಕೆ ಎಲುಬಿರಲಿಲ್ಲ.

ಅಮೀನ ಮಗುವಿನಂತೆ ಚಪ್ಪಾಳೆ ತಟ್ಟಿದ. ಇದೇ, ಇದೇ ನಮ್ಮ ಕರಡಿ ಎಂದು ತೊಡೆ ತಟ್ಟಿಕೊಂಡು ನಕ್ಕ. ಜೋರಾಗಿ, ಇನ್ನೂ ಜೋರಾಗಿ ಎಂದ. ಬಂದೂಕಿನವರೂ ನಕ್ಕರು, ಹಿಂದೆ ಸಾಲಿನಲ್ಲಿ ನಿಂತಿದ್ದ ದಾರಿಹೋಕರೂ ನಕ್ಕರು. ನಗುವಿನ ನಡುವೆ ಅಮೀನ ಅಮೃತಮ್ಮನನ್ನು ನೋಡಿದ. ಈ ಹೆಂಗಸು ಯಾಕೆ ನಗುತ್ತಿಲ್ಲ ಎಂದ. ದಿನಾ ನೋಡುವವಳಿಗೆ ಎಲ್ಲಿಯ ನಗು ಎಂದು ದುರಗಪ್ಪ ತಬಲಾ ಬಿಡದೆ ಹೇಳಿದ. ಅಮೀನ ಅವಳಿಂದ ಕಣ್ಣು ತೆಗೆಯಲಿಲ್ಲ. ಅಮೃತಮ್ಮ ತಲೆಯ ಮೇಲಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿ ಕುಸಿಯುತ್ತಿದ್ದ ತಮ್ಮನನ್ನು ನೇರ ನೋಡುತ್ತ ನಕ್ಕಳು. ಹಲ್ಲು ಕಾಣುವಂತೆ, ದನಿ ಬರುವಂತೆ, ಉಳಿದವರೆಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು. ಅಷ್ಟು ಗಟ್ಟಿ ಹೆಂಗಸನ್ನು ದುರಗಪ್ಪ ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಬೊಂಬು ಮೇಲೆದ್ದಿತು. ಅಮೀನ ಮತ್ತೆ ನೋಡಬೇಕೆನ್ನುವ ಆಸೆಯಿಂದ ಅವರನ್ನೇ ನೋಡುತ್ತ ನಿಂತಿದ್ದರಿಂದ, ರಸ್ತೆಯ ತಿರುವಿನ ತನಕ ಕರಡಿ ಹಾಗೆಯೇ ನಡೆಯಬೇಕಾಯಿತು, ದುರಗಪ್ಪ ಹಾಗೆಯೇ ಬಾರಿಸಬೇಕಾಯಿತು. ತಿರುವು ದಾಟಿ, ಆಳೆತ್ತರದ ಜೋಳದ ಹೊಲಕ್ಕೆ ಇಳಿದದ್ದೇ ಕರಡಿ ಮುಖ ಅಡಿಯಾಗಿ ಬಿತ್ತು.

ಅಮೃತಮ್ಮ ಗಂಟು ಎಸೆದು ಕರಡಿಯ ತಲೆ ಕಿತ್ತು ತೆಗೆದಳು. ದೇವಿಂದ್ರ ಕೆಳದುಟಿಯನ್ನು ಕಚ್ಚಿ ಹರಿದುಕೊಂಡಿದ್ದ, ಗದ್ದವೆಲ್ಲ ರಕ್ತ. ಉಸಿರು ಇತ್ತು. ಅಂಗಾತ ಮಲಗಿಸಲು ನೋಡಿದರು. ಮೈ ಮಾತು ಕೇಳಲಿಲ್ಲ. ಬಾಗಿದ್ದು ಬಾಗಿದಂತೆಯೇ ಇತ್ತು. ಕಂಬಳಿ ಹರಿದು ನೋಡಿದರೆ ದಬ್ಬೆಗಳು ಮುರಿದಿದ್ದವು. ಆದರೆ ಮುರಿದದ್ದು ದಬ್ಬೆ ಮಾತ್ರವಲ್ಲ ಎಂಬುದು, ಅವರು ಕಾಲನ್ನು ಮುಟ್ಟಿದರೂ ಅವನಿಗೆ ತಿಳಿಯದೆ ಹೋದಾಗ ಗೊತ್ತಾಯಿತು. ದುರಗಪ್ಪ ತನ್ನ ಎರಡು ಕೈಗಳನ್ನು ನೋಡಿಕೊಂಡು, ಗಂಡಸೆಂಬ ನಾಚಿಕೆ ಬಿಟ್ಟು, ಬಿಕ್ಕಿ ಬಿಕ್ಕಿ ಅತ್ತ. ನಾನೇ ಬಡಿದು ಮುರಿದೆ ಎಂದ.

ದೇವಿಂದ್ರ ಕಣ್ಣು ತೆರೆದ.

"ನೀ ಬಾರಿಸೋದು ಬಿಟ್ಟಿದ್ರ ಅಲ್ಲೇ ಬೀಳ್ತಿದ್ದೆ ಮಾಮ. ಆ ಸದ್ದು ಹಿಡಕೊಂಡು ನಡದೀನಿ." ಆಮೇಲೆ ಕಣ್ಣಲ್ಲೇ ಅಕ್ಕನನ್ನು ಹುಡುಕಿದ. "ಯಕ್ಕಾ, ಹೆಂಗಿತ್ತು? ಎಲ್ಲಾರೂ ನಕ್ಕರೇನು?"

ಅಮೃತಮ್ಮ ಸೆರಗಿನಿಂದ ಅವನ ಗದ್ದದ ರಕ್ತ ಒರೆಸುತ್ತಿದ್ದಳು. ಅವಳ ಕೈ ನಿಂತಿತು.

"ನಾನೂ ನಕ್ಕೀನೋ ಯಪ್ಪಾ," ಎಂದಳು. "ನಾನೂ ನಕ್ಕೀನಿ."