ಹಸೂರಿಯವರ ಎರಡು ಬೆರಳು

"ಮದುವೆ ಕರೆಯೋಲೆ ಕೊಟ್ಟರೆ ಓದೋದು ಆಮೇಲೆ, ಮೊದಲು ಹಿಸುಕಿ ನೋಡ್ತಾರೆ ನಮ್ಮ ಪಾ ಹಸೂರಿ. ಕಾಗದ ಒಂದು ಕಡೆ ತೆಳ್ಳಗಿದ್ರೆ ಮದುವೆಗೇ ಬರೋಲ್ಲ!" ಎಂದು ಎದುರುಮನೆಯ ಬು ಮುನಿರೋ ಅಂದರೆ, ಇಂಡೊನೇಷ್ಯಾದ ಚಿಲೆಗೊನ್ ಉಕ್ಕಿನ ಕಾರ್ಖಾನೆಯ ವಸತಿಸಾಲಿಗೆ ಸಾಲೇ ನಗುತ್ತಿತ್ತು. ಗಂಡಸರನ್ನು 'ಪಾ', ಹೆಂಗಸರನ್ನು 'ಬು' ಎಂದು ಕರೆಯುವುದು ಅಲ್ಲಿಯ ಮರ್ಯಾದೆ. ಸುಳ್ಳೇನಲ್ಲ. ಬಾಳೆಲೆಯೋ, ಸಿಗಡಿ ಹಪ್ಪಳವೋ, ಹೆಂಡತಿಯ ಮುಸುಕಿನ ಅಂಚೋ, ಹೆಬ್ಬೆರಳು ತೋರುಬೆರಳುಗಳ ನಡುವೆ ಏನೂ ಇಲ್ಲದ ಹಸೂರಿಯವರನ್ನು ಕಂಡವರಿಲ್ಲ. ದಪ್ಪ ಅಳೆಯುವ ಮಾಪಕದ ಭಾರಕ್ಕೆ ಬಲಜೇಬು ಸದಾ ಜೋತುಬಿದ್ದು, ನಡಿಗೆಯೂ ಅತ್ತಲೇ ತುಸು ವಾಲಿತ್ತು.

ಉರುಳೆಗಳ ನಡುವಿನಿಂದ ಧಾವಿಸಿ ಬರುವ ಉಕ್ಕಿನ ಹಾಳೆಯ ದಪ್ಪವನ್ನು ಅಲ್ಲಿಯ ಯಂತ್ರ ನಟ್ಟನಡುವೆ ಮಾತ್ರ ನೋಡುತ್ತಿತ್ತು. ಅಂಚುಗಳನ್ನು ಕೈಯಾರೆ ಅಳೆದು ಒಪ್ಪಿಗೆಯ ಮುದ್ರೆ ಒತ್ತುವುದು ಅವರ ಕೆಲಸ. ಆ ಹಾಳೆಯನ್ನು ಅಚ್ಚಿಗೆ ಒತ್ತಿ ಅಡುಗೆ ಅನಿಲದ ಸಿಲಿಂಡರು ಮಾಡುತ್ತಿದ್ದರು. "ತೆಳ್ಳಗಿರೋ ಕಡೆನೇ ಜಾಸ್ತಿ ಎಳೆಯುತ್ತೆ, ಎಳೆದಷ್ಟೂ ಇನ್ನೂ ಸವೆಯುತ್ತೆ. ಒಳಗಿರೋ ಅನಿಲ ಅದನ್ನೇ ಕಾಯ್ತಿರುತ್ತೆ" ಎನ್ನುವಾಗ ಅವರ ದನಿ ತಾನಾಗಿಯೇ ತಗ್ಗುತ್ತಿತ್ತು.

ಆ ವರ್ಷ ರಂಜಾನ್ ಉಪವಾಸದ ತಿಂಗಳು ಮುಗಿಯುತ್ತಿತ್ತು. ಹಬ್ಬಕ್ಕೆ ಊರಿಗೆ ಹೊರಟ ಜನರಿಗಾಗಿ ಹೆದ್ದಾರಿಯಲ್ಲಿ ಲಾರಿಗಳನ್ನು ತಡೆಯುವ ಮೊದಲೇ ಸರಕು ಹೊರಡಬೇಕಿತ್ತು. ಆ ಗಡಿಬಿಡಿಯಲ್ಲಿ, ಜೀವಮಾನದಲ್ಲಿ ಮೊದಲ ಸಲ, ಹಸೂರಿಯವರು ಉಕ್ಕಿನ ಹಾಳೆಯ ಕೊನೆಯ ಸುರುಳಿಯ ಅಂಚು ಅಳೆಯದೆ ಮುದ್ರೆ ಒತ್ತಿಬಿಟ್ಟರು.

ಹಬ್ಬದ ಹಿಂದಿನ ಮಧ್ಯಾಹ್ನ ಕೋಳಿಗೂಡಿಗೆ ತಗಡಿನ ಪಟ್ಟಿ ಸುತ್ತುತ್ತಿದ್ದರು. ಹಾಳೆಯ ಪಕ್ಕ ಸವರುವಾಗ ಉದುರುವ ಪಟ್ಟಿಯನ್ನು ಮನೆಗೆ ತರುವುದು ಅಲ್ಲಿ ಎಲ್ಲರ ರೂಢಿ. ಬೆರಳು ಥಟ್ಟನೆ ನಿಂತಿತು. ಅದು ಅಂದು ತಾವೇ ತಂದಿದ್ದ, ಆ ಕೊನೆಯ ಸುರುಳಿಯದೇ ಪಟ್ಟಿ. ಮಾಪಕ ಹಚ್ಚಿದರು, ಒರೆಸಿ ಮತ್ತೆ ಹಚ್ಚಿದರು. ಹಾಳೆಗೆ ಅಂಟಿಕೊಂಡಿದ್ದ ಒಳಬದಿಯೂ ತೆಳುವೇ. ಅಂದರೆ ಹೋದ ಹಾಳೆಯೂ ತೆಳುವೇ. ಸಿಲಿಂಡರು ಮಾಡುವಲ್ಲಿಗೆ ಫೋನು ಮಾಡಿದರೆ, ಹಬ್ಬದ ರಜೆ, ಎತ್ತುವವರಿಲ್ಲ. ರಜೆ ಮುಗಿದೊಡನೆ ಅತ್ತ ಅಚ್ಚಿನ ಯಂತ್ರ ಶುರುವಾಗುತ್ತದೆ.

"ಹೇಳಿದ್ರೆ ಕೆಲಸ ಹೋಗುತ್ತೆ, ಪಾ. ಕೆಲಸದ ಜೊತೆ ಈ ಮನೇನೂ" ಎಂದರು ಹೆಂಡತಿ ಮಸ್ತೂನಿ, ಹಬ್ಬದ ಕಡುಬು ಬೇಯಿಸಲು ತೆಂಗಿನ ಗರಿಯ ಪುಟ್ಟ ಬುಟ್ಟಿಗಳಿಗೆ ಅಕ್ಕಿ ತುಂಬುತ್ತ. "ಏನೂ ಆಗದೆಯೂ ಇರಬಹುದಲ್ಲ?"

"ಇರಬಹುದು, ಬು. ಆದ್ರೆ ಆ ಸಿಲಿಂಡರಿನ ಪಕ್ಕ ಕೂತು ಹಿಂಗೇ ಅಡುಗೆ ಮಾಡೋಳಿಗೆ ಇದು ಗೊತ್ತಿರೋಲ್ಲವಲ್ಲ."

ಮಸ್ತೂನಿಯ ಕೈ ನಿಂತಿತು. ಒಲೆಯ ಕಡೆ ಒಮ್ಮೆ ನೋಡಿದರು.

ಹಬ್ಬದ ಬೆಳಿಗ್ಗೆ ಎಲ್ಲರೂ ಮೇಲಧಿಕಾರಿಯ ಮನೆಗೆ ಹೋಗಿ, ಕೈಗೆ ಕೈ ಸೋಕಿಸಿ, ಕಂಡ ತಪ್ಪು ಕಾಣದ ತಪ್ಪು ಎಲ್ಲಕ್ಕೂ ಕ್ಷಮೆ ಕೇಳುತ್ತಾರೆ. ಯಾವ ತಪ್ಪೆಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ; ಸಿಹಿ ತಿಂದು ಮನೆಗೆ ಬರುತ್ತಾರೆ. ಇಂಥ ಸುಲಭದ ಕ್ಷಮೆ ಸಾಲದೆನ್ನುವ ಜಾತಿಯ ಜನ ಕೆಲವರಿರುತ್ತಾರೆ. ಹತ್ತಿರವಿದ್ದರೆ ಅವರ ಶಂಕೆ ನಮಗೆ ಕಿರಿಕಿರಿ. ನಾವು ನಿಶ್ಚಿಂತೆಯಿಂದ ಹಚ್ಚುವ ಒಲೆಯ ಹಿಂದೆ ಮಾತ್ರ ಅಂಥ ಯಾರದೋ ನಿದ್ದೆಗೆಟ್ಟ ರಾತ್ರಿ ಇದ್ದೇ ಇರುತ್ತದೆ.

ಹಸೂರಿಯವರು ಕರಿಟೊಪ್ಪಿ ಇಟ್ಟುಕೊಂಡು, ಮೇಲಧಿಕಾರಿಯ ಮುಂದಿಡಲು ತಗಡಿನ ತುಂಡನ್ನು ಜೇಬಿಗಿಳಿಸಿದರು. ಹೊಸಿಲಲ್ಲಿ ನಿಂತು ಬಾಗಿಲ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಆ ಮನೆಯಿಂದ ಅದರ ಯಜಮಾನರಾಗಿ ಅವರು ಹೊರಟದ್ದು ಅದೇ ಕೊನೆ.