ನಿಧಾನಕ್ಕೆ ಓಡಿಸಿ ಅಂದರಂತೆ

ಬುಕೊವ್ ಡೋಲ್ ಊರಿನಿಂದ ಸ್ಮೋಲ್ಯಾನ್ ಪೇಟೆಗೆ ಇಳಿಯಲು ಹದಿನೇಳು ತಿರುವು. ಊರಿನ ಶಾಲೆ ಮುಚ್ಚಿ ಮೂರು ವರ್ಷವಾಯಿತು, ಬಸ್ಸು ನಿಂತದ್ದು ಅದಕ್ಕೂ ಮೊದಲು. ಮಗುವನ್ನು ಓದಿಸಬೇಕೆಂದರೆ ದಿನವೂ ಆ ಹದಿನೇಳು ತಿರುವು ಇಳಿಸಬೇಕು. ಕಾರಿದ್ದವರು ಇಳಿಸುತ್ತಾರೆ, ಇಲ್ಲದವರು ಊರು ಬಿಡುತ್ತಾರೆ.

ಮೀನ್ಕಾಳ ಮನೆಯಲ್ಲಿ ಕಾರಿತ್ತು. ಅವಳ ಗಂಡ ಸ್ತಾಮೆನ್ ಮರದ ಮಿಲ್ಲಿನ ಕೆಲಸದಿಂದ ನಿವೃತ್ತನಾದ ವರ್ಷ ಪ್ಲೋವ್‌ದಿವ್‌ನ ಷೋರೂಮಿನಿಂದ ತಂದ ನೀಲಿ ಕಾರು. ಮಗಳು ಇಸ್ಕ್ರಾಗೆ ಪೇಟೆಯ ಬೇಕರಿಯಲ್ಲಿ ಬೆಳಗಿನ ಜಾವದ ಪಾಳಿ, ಬ್ರೆಡ್ ವ್ಯಾನು ಹತ್ತಿ ಮುಂಚೆಯೇ ಹೋಗಿಬಿಡುತ್ತಾಳೆ. ಹೀಗಾಗಿ ಏಳು ವರ್ಷದ ಮೊಮ್ಮಗಳು ರಾಯಾಳನ್ನು ಶಾಲೆಗೆ ಬಿಡುವುದು ಅಜ್ಜನ ಪಾಲಿನ ಕೆಲಸ.

ಅವರು ಹೊರಡುವಾಗ ಮೀನ್ಕಾ ತಾಮ್ರದ ಚೊಂಬಿನಿಂದ ಕಾರಿನ ಹಿಂದೆ ನೀರು ಚೆಲ್ಲುತ್ತಿದ್ದಳು. ಹೋದ ಕೆಲಸ ನೀರು ಹರಿದಷ್ಟು ಸಲೀಸಾಗಿ ಆಗಲಿ ಅಂತ ಚೆಲ್ಲುವುದು ಅಲ್ಲಿನ ಪದ್ಧತಿ. ಶಾಲೆಯ ಮೊದಲ ದಿನ, ಪರೀಕ್ಷೆಯ ದಿನ ಚೆಲ್ಲಿದರೆ ಸಾಕು. ಮೀನ್ಕಾ ದಿನಾ ಚೆಲ್ಲತೊಡಗಿದ್ದಳು.

"ಏನೇ ಮೀನ್ಕಾ, ನಿನ್ನ ಮೊಮ್ಮಗಳು ದಿನಾ ಪರೀಕ್ಷೆ ಬರೀತಾಳಾ?" ಅಂತ ಪಕ್ಕದ ಮನೆಯ ಸೆವ್ದಾ ಬೇಲಿಯಾಚೆಯಿಂದ ಕಿಚಾಯಿಸಿದಳು.

"ಹೂಂ ಕಣೇ, ದೊಡ್ಡ ಡಾಕ್ಟರಾಗ್ತಾಳೆ" ಎಂದು ಮೀನ್ಕಾ ನಕ್ಕು ಒಳಗೆ ಹೋದಳು. ಅಡುಗೆಮನೆಯ ಕಿಟಕಿಗೆ ಹಣೆ ಒತ್ತಿ ನಿಂತಳು. ಕೆಳಗಿನ ಸೇತುವೆಯ ಮೇಲೆ ನೀಲಿ ಚುಕ್ಕೆ ಕಾಣುವವರೆಗೂ ಅವಳು ಒಲೆಯ ಮೇಲಿನ ಹಾಲನ್ನೂ ನೋಡುತ್ತಿರಲಿಲ್ಲ.

ಅಷ್ಟು ಭಯವೇಕೆ? ಹೇಳುತ್ತೇನೆ.

ಸೆಪ್ಟೆಂಬರಿನಲ್ಲಿ ಕಾರಿನ ಕಂಪನಿಯಿಂದ ಒಂದು ಕಾಗದ ಬಂದಿತ್ತು. ಈ ಮಾದರಿಯ ಕೆಲವು ಕಾರುಗಳಲ್ಲಿ ಬ್ರೇಕಿನ ಒಂದು ಭಾಗ ಕೈಕೊಡಬಹುದು, ಕೂಡಲೇ ತಂದು ತೋರಿಸಿ, ಪುಕ್ಕಟೆಯಾಗಿ ಬದಲಿಸಿಕೊಡುತ್ತೇವೆ ಎಂದಿತ್ತು. ಸ್ತಾಮೆನ್ ಫೋನ್ ಮಾಡಿದ. ಕೂಡಲೇ ಎಂದು ಬರೆದವರು ಇಪ್ಪತ್ತಾರು ದಿನ ಬಿಟ್ಟು ತಾರೀಖು ಕೊಟ್ಟರು. ಆ ದಿನ ಗಂಡ ಹೆಂಡತಿ ಚೀಸಿನ ಬಾನಿತ್ಸಾ ಬುತ್ತಿ ಕಟ್ಟಿಕೊಂಡು ಪ್ಲೋವ್‌ದಿವ್‌ಗೆ ಹೋದರು. ಗಾಜಿನ ಬಾಗಿಲು, ಕನ್ನಡಿಯಂಥ ನೆಲ, ಕಾಫಿ ಯಂತ್ರ. ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂತರು. ಸಂಜೆ ಮೇಜಿನ ಹಿಂದಿನ ಯುವಕ ಚೆಂದವಾಗಿ ನಕ್ಕು, "ಬಿಡಿಭಾಗ ಇನ್ನೂ ಬಂದಿಲ್ಲ, ಬಂದಾಗ ನಾವೇ ಫೋನ್ ಮಾಡ್ತೀವಿ" ಎಂದು ಕೀಲಿಕೈ ವಾಪಸು ಕೊಟ್ಟ. ಕಾರಿನ ಬಾನೆಟ್ಟನ್ನೂ ಯಾರೂ ಎತ್ತಿರಲಿಲ್ಲ.

"ಅಲ್ಲೀತನಕ ಓಡಿಸಬಹುದಾ?" ಎಂದು ಸ್ತಾಮೆನ್ ಕೇಳಿದ.

"ಓಡಿಸಿ. ನಿಧಾನಕ್ಕೆ ಓಡಿಸಿ."

ಫೋನು ಬರಲಿಲ್ಲ. ಒಂದು ವಾರ, ಎರಡು ವಾರ, ಐದು ವಾರ ಕಳೆಯಿತು. ಸ್ತಾಮೆನ್ ಮಾಡಿದಾಗಲೆಲ್ಲ ಸಂಗೀತ ಕೇಳಿಸಿ ಕೇಳಿಸಿ ಲೈನು ಕಡಿದುಹೋಗುತ್ತಿತ್ತು. ಇನ್ನೂ ಕಾಡಿಸಿದರೆ ಸರದಿಯಲ್ಲಿ ಹಿಂದಕ್ಕೆ ತಳ್ಳುತ್ತಾರೇನೋ ಎಂದು ಅವನು ಸುಮ್ಮನಾದ. ದೊಡ್ಡ ಮಿಲ್ಲಿನಲ್ಲಿ ಮೂವತ್ತು ವರ್ಷ ಯಾರಿಗೂ ಜಗ್ಗದ ಗಂಡಸು, ಗಾಜಿನ ಬಾಗಿಲಿನವರ ಮುಂದೆ ಮಾತ್ರ ಬೆಕ್ಕಿನ ಮರಿ.

ಈ ನಡುವೆ ಕಾರಿನ ಮೀಟರಿನ ಮೂಲೆಯಲ್ಲಿ ಕೆಂಪು ದೀಪವೊಂದು ಹತ್ತತೊಡಗಿತು. ಮೊದಲು ತಿರುವುಗಳಲ್ಲಿ ಮಿಣುಕಿ ಆರುತ್ತಿತ್ತು. ಆಮೇಲೆ ಆರುವುದನ್ನೇ ಮರೆಯಿತು. ಪಕ್ಕದ ಸೀಟಿನಲ್ಲಿ ಕೂತಾಗಲೆಲ್ಲ ಮೀನ್ಕಾ ಆ ದೀಪ ಕಾಣದಂತೆ ಮುಖ ಕಿಟಕಿಯತ್ತ ತಿರುಗಿಸುತ್ತಿದ್ದಳು. ಒಂದು ಭಾನುವಾರ ಇಗರ್ಜಿಯಿಂದ ಬರುವಾಗ ಹೆಬ್ಬೆರಳಿನಷ್ಟು ದೊಡ್ಡ ಸಂತ ನಿಕೋಲಾನ ಪಟ ಕೊಂಡಳು, ಹಿಂದೆ ಅಂಟು ಇರುವಂಥದ್ದು. ಪಯಣಿಗರನ್ನು ಕಾಯುವ ಸಂತ. ಅದನ್ನು ಯಾರಿಗೂ ಹೇಳದೆ ನೇರ ಆ ದೀಪದ ಮೇಲೆ ಅಂಟಿಸಿಬಿಟ್ಟಳು. ಕೆಂಪು ಕಾಣದಾಯಿತು. ಅವಳಿಗೆ ಒಂದು ದಿನ ಹಗುರ ಅನಿಸಿತು. ಮರುದಿನದಿಂದ ಭಯ ದುಪ್ಪಟ್ಟಾಯಿತು, ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಸ್ತಾಮೆನ್ ಪಟ ನೋಡಿದ. ದೀಪ ಹೋಯಿತೇ, ಮುಚ್ಚಿಹೋಯಿತೇ ಎಂದು ಬೆರಳಿನಿಂದ ಎತ್ತಿ ನೋಡಬಹುದಿತ್ತು. ನೋಡಲಿಲ್ಲ. ಹೆಂಡದಂಗಡಿಯಲ್ಲಿ ಮಾತ್ರ, "ಸಂತ ನಿಕೋಲಾ ಬಂದು ಕೂತ, ದೀಪ ಆರಿಹೋಯ್ತು ಮಾರಾಯ" ಎಂದು ಎಲ್ಲರಿಗೂ ಹೇಳಿಕೊಂಡು ಬಂದ.

ನವೆಂಬರಿನ ಒಂದು ಮಧ್ಯಾಹ್ನ ಸೆವ್ದಾ ಒಂದು ತಟ್ಟೆ ಪಾತಾತ್ನಿಕ್ ಹಿಡಿದು ಬಂದಳು. ಬಿಸಿ ಆಲೂಗಡ್ಡೆಯ ವಾಸನೆಗೆ ರಾಯಾ ಓಡಿ ಬಂದು ಮೇಜಿಗೆ ಕೂತಳು. ಹೊರಗೆ ಆ ವರ್ಷದ ಮೊದಲ ಹಿಮ ಬೀಳತೊಡಗಿತ್ತು.

"ನಾಳೆ ರಸ್ತೆ ಜಾರುತ್ತೆ, ಹುಷಾರಪ್ಪಾ" ಎಂದಳು ಸೆವ್ದಾ.

"ನನಗೆ ಹೇಳಿಕೊಡ್ತೀಯಾ? ನಲವತ್ತು ವರ್ಷ ಇದೇ ರಸ್ತೆ" ಎಂದ ಸ್ತಾಮೆನ್.

ಬಾಯಿ ತುಂಬ ತಿನ್ನುತ್ತಿದ್ದ ರಾಯಾ ನಡುವೆ ಹೇಳಿದಳು: "ನಮ್ಮಜ್ಜಂಗೆ ಒಂದು ಆಟ ಗೊತ್ತು. ತಿರುವು ಬಂದಾಗ ಪೆಡಲ್ ತುಳೀತಾರೆ, ಟಪ್ ಟಪ್ ಅಂತ ಕೇಳುತ್ತೆ, ನಾನು ಎಣಿಸ್ತೀನಿ. ಮೊದಲು ಎರಡೇ ಸಲ ತುಳಿದ್ರೆ ಕಾರು ನಿಲ್ತಿತ್ತು. ಇವತ್ತು ಆರಾಯ್ತು!"

ಮೀನ್ಕಾಳ ಕೈಯಿಂದ ಚಮಚ ಜಾರಿ ನೆಲಕ್ಕೆ ಬಿತ್ತು. ಸ್ತಾಮೆನ್‌ನ ಮುಖ ಬಿಳಿಚಿಕೊಂಡಿತು.

"ರಾಯಾ, ಹೋಗು ಪುಟ್ಟಾ, ನನ್ನ ಬೆಕ್ಕಿಗೆ ಹಾಲು ಹಾಕಿ ಬಾ" ಎಂದು ಸೆವ್ದಾ ಮಗುವನ್ನು ಹೊರಗೆ ಕಳಿಸಿದಳು. ಬಾಗಿಲು ಮುಚ್ಚಿದ ಮೇಲೆ ಅವಳ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ. "ಆರು ಸಲ! ಸ್ತಾಮೆನ್, ಹಿಂದಿನ ಸೀಟಲ್ಲಿ ಮಗು ಕೂರಿಸಿಕೊಂಡು ಆರು ಸಲ?"

"ಅವರೇ ಓಡಿಸಿ ಅಂದ್ರು ಕಣೇ. ನಿಧಾನಕ್ಕೆ ಓಡಿಸಿ ಅಂದ್ರು. ಅವರಿಗಿಂತ ನಿಂಗೆ ಗೊತ್ತಾ?"

"ಗೊತ್ತು. ಒಂಬತ್ತು ವರ್ಷ ಅಂಥದೇ ಒಂದು ಸರ್ವೀಸ್ ಸೆಂಟರಿನ ಮೇಜಿನ ಹಿಂದೆ ಕೂತಿದ್ದೆ ನಾನು. ಆ ಮಾತು ನಾನೂ ಹೇಳಿದ್ದೀನಿ, ದಿನಕ್ಕೆ ಹತ್ತು ಜನಕ್ಕೆ. ಬಿಡಿಭಾಗ ಇಲ್ಲ, ಕೊಡೋಕೆ ಬದಲಿ ಕಾರಿಲ್ಲ, ಎದುರಿಗೆ ನಿಂತವರನ್ನ ಸಾಗಹಾಕಬೇಕು. ಕಾರನ್ನ ನೋಡಿ ಹೇಳ್ತಿರಲಿಲ್ಲ ಸ್ತಾಮೆನ್, ಗಡಿಯಾರ ನೋಡಿ ಹೇಳ್ತಿದ್ದೆ." ಸೆವ್ದಾ ಕಣ್ಣು ತಗ್ಗಿಸಿದಳು. "ಅವರಲ್ಲಿ ಎಷ್ಟು ಜನ ಸುಖವಾಗಿ ಮನೆ ಸೇರಿದ್ರೋ ಗೊತ್ತಿಲ್ಲ. ಅದಕ್ಕೇ ಆ ಕೆಲಸ ಬಿಟ್ಟು ಬಂದೆ."

"ಆದ್ರೂ ದೀಪ ಆರಿದೆಯಲ್ಲ" ಎಂದ ಸ್ತಾಮೆನ್. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ. "ನಾಳೆ ಒಂದು ದಿನ ಮಗೂನ ಶಾಲೆಗೆ ಬಿಟ್ಟು ಬರ್ತೀನಿ. ಆಮೇಲೆ ನೋಡೋಣ."

ಆಗ ಮೀನ್ಕಾಗೆ ತಡೆಯಲಾಗಲಿಲ್ಲ. "ಆರಿಲ್ಲ! ನಾನೇ ಮುಚ್ಚಿದ್ದು. ನೋಡೋಕಾಗದೆ ಸಂತನ್ನ ತಂದು ಅದರ ಮೇಲೆ ಅಂಟಿಸಿದೆ. ಅದು ಒಂದು ದಿನಾನೂ ಆರಿಲ್ಲ ಕಣೋ!" ಎಂದು ಅಂಗಿಯ ತೋಳಿನಲ್ಲೇ ಮುಖ ಮುಚ್ಚಿ ಅತ್ತಳು.

ಸ್ತಾಮೆನ್ ಬೈಯಲಿಲ್ಲ. "ನಂಗೂ ಗೊತ್ತಿತ್ತು ಕಣೇ" ಎಂದ.

"ಅತ್ತಿದ್ದು ಸಾಕು" ಎಂದಳು ಸೆವ್ದಾ. "ಅವರು ಏನಾದ್ರೂ ಬರೆದು ಕೊಟ್ಟಿದ್ದಾರಾ? ಕಾರು ತಂದಿದ್ರು, ಭಾಗ ಇರಲಿಲ್ಲ, ವಾಪಸು ಕಳಿಸಿದ್ವಿ ಅಂತ?"

"ಇಲ್ಲ."

"ಹಾಗಾದ್ರೆ ಅವರ ಲೆಕ್ಕದಲ್ಲಿ ನೀವು ಹೋಗೇ ಇಲ್ಲ. ಮೀನ್ಕಾ, ಫೋನ್ ತಗೋ. ನೀನೇ ಮಾತಾಡು. ಒಂದೇ ಪ್ರಶ್ನೆ ಕೇಳು."

ನಾಲ್ಕನೆಯ ಸಲ ಲೈನು ಸಿಕ್ಕಿತು. ಅದೇ ಯುವಕ, ಅದೇ ನಯದ ದನಿ. ಬಿಡಿಭಾಗ ದಾರಿಯಲ್ಲಿದೆ, ಅಲ್ಲಿಯವರೆಗೆ ನಿಧಾನಕ್ಕೆ ಓಡಿಸಿ ಎಂದ.

"ಸರಿಯಪ್ಪಾ" ಎಂದಳು ಮೀನ್ಕಾ. "ಬ್ರೇಕಿನ ಕೆಂಪು ದೀಪ ಹತ್ತಿದೆ, ಪೆಡಲ್ ಆರು ಸಲ ತುಳೀಬೇಕು, ನಮ್ಮ ಮಗು ಅದರಲ್ಲಿ ಶಾಲೆಗೆ ಹೋಗ್ತದೆ. ಹೀಗಿದ್ರೂ ಓಡಿಸಬಹುದು ಅಂತ ನಿನ್ನ ಹೆಸರು ಹಾಕಿ ಬರೆದು ಕಳಿಸು. ನಾನು ಓಡಿಸೋಕೆ ಹೇಳ್ತೀನಿ."

ಯುವಕ ಸಣ್ಣ ದನಿಯಲ್ಲಿ, "ಅಮ್ಮಾ, ಹಾಗೆ ಬರೆಯೋಕೆ ನನ್ನಿಂದ ಆಗಲ್ಲ" ಎಂದ.

"ಬರೆಯೋಕಾಗದ್ದನ್ನ ಬಾಯಲ್ಲಿ ಯಾಕಪ್ಪಾ ಹೇಳ್ದೆ?"

ಅದೇ ಪ್ರಶ್ನೆಯನ್ನು ಸೆವ್ದಾ ಕಾಗದದ ತಾರೀಖು, ಕಾರಿನ ನಂಬರು, ಹೋಗಿ ಬಂದ ದಿನ ಎಲ್ಲ ಸೇರಿಸಿ ಈ‑ಮೇಲ್ ಮಾಡಿದಳು. ಉತ್ತರ ಬರದಿದ್ದರೆ ಗ್ರಾಹಕ ರಕ್ಷಣಾ ಕಚೇರಿಗೂ ಕಾರಿನ ಕಂಪನಿಗೂ ಇದೇ ಹೋಗುತ್ತದೆ ಎಂದು ಕೊನೆಗೆ ಸೇರಿಸಿದಳು. ಐದು ವಾರ ಸಂಗೀತ ಕೇಳಿಸಿದ ಷೋರೂಮು ಒಂದು ಗಂಟೆಯೊಳಗೆ ತಾನೇ ಫೋನ್ ಮಾಡಿತು. ಕಾರನ್ನು ಮುಟ್ಟಬೇಡಿ, ಬೆಳಿಗ್ಗೆ ಎಳೆದೊಯ್ಯುವ ಲಾರಿ ಕಳಿಸುತ್ತೇವೆ, ರಿಪೇರಿಯಾಗುವವರೆಗೆ ಬದಲಿ ಕಾರು ಕೊಡುತ್ತೇವೆ ಎಂದರು.

ಮರುದಿನ ರಾಯಾ ಶಾಲೆಗೆ ಹೋಗಲಿಲ್ಲ. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಲಾರಿ ಬಂತು. ಅಂಗಳ ಸ್ವಲ್ಪ ಇಳಿಜಾರು, ತುದಿಗೆ ಚಳಿಗಾಲದ ಸೌದೆಯ ರಾಶಿ. ಕಾರನ್ನು ಲಾರಿಯ ಹಿಂಬದಿಗೆ ತರಲು ಚಾಲಕ ಒಳಗೆ ಕೂತು, ನಡೆಯುವ ವೇಗದಲ್ಲಿ ಬಿಟ್ಟ. ಲಾರಿಯ ಹತ್ತಿರ ಬಂದಾಗ ಬ್ರೇಕ್ ತುಳಿದ.

ಕಾರು ನಿಲ್ಲಲಿಲ್ಲ. ಅವನ ಕಾಲು ಮತ್ತೆ ಮತ್ತೆ ತುಳಿಯುವುದು ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಮೂರು, ಆರು, ಎಂಟು. ಕಾರು ಲಾರಿಯನ್ನು ಸವರಿಕೊಂಡು ಹೋಗಿ ಸೌದೆ ರಾಶಿಗೆ ಮೂತಿ ತೂರಿಸಿತು. ದಿಮ್ಮಿಗಳು ಧಡಧಡ ಬಾನೆಟ್ಟಿನ ಮೇಲೆ ಬಿದ್ದವು.

ಚಾಲಕ ಇಳಿದು ಬಂದ. "ಪೆಡಲ್ ನೆಲಕ್ಕೇ ಹೋಯ್ತು ಯಜಮಾನ್ರೇ, ಕೆಳಗೆ ಏನೂ ಇಲ್ಲ. ಇದರಲ್ಲಿ ನಿನ್ನೆ ಯಾರು ಹೋಗಿದ್ರು?"

ಸ್ತಾಮೆನ್ ಮೊಮ್ಮಗಳನ್ನು ಎತ್ತಿಕೊಂಡು, ಅವಳು "ಅಜ್ಜಾ, ಉಸಿರು ಕಟ್ತಿದೆ, ಬಿಡು" ಎನ್ನುವವರೆಗೂ ಅಪ್ಪಿಕೊಂಡೇ ನಿಂತಿದ್ದ. ಎಂಟು ದಿನದ ಮೇಲೆ ಕಾರು ದುರಸ್ತಿಯಾಗಿ ಬಂತು. ಏನು ಬದಲಿಸಿದರು, ಯಾರು ಪರೀಕ್ಷಿಸಿದರು ಎಂದು ಬರೆದ ಹಾಳೆ ಕೈಗೆ ಬರುವವರೆಗೂ ಅವನು ಕೀಲಿಕೈ ಮುಟ್ಟಲಿಲ್ಲ. ಹೆಂಡದಂಗಡಿಯಲ್ಲಿ ಈಗ ಹೇಳುವ ಮಾತೇ ಬೇರೆ: "ಸಂತನ್ನ ಎಲ್ಲಿ ಬೇಕಾದ್ರೂ ಕೂರಿಸ್ರಯ್ಯಾ, ದೀಪದ ಮೇಲೆ ಮಾತ್ರ ಬೇಡ."

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆ ಬಾಗಿಲಲ್ಲೂ ತಾರೀಖಿಗಾಗಿ ಕಾಯುತ್ತಿರುವ ಕಾರೊಂದು ಇರಬಹುದು. ಕಂಪನಿಯಿಂದ ಬಂದ ಕಾಗದವನ್ನು ಡ್ರಾಯರಿಗೆ ಹಾಕಬೇಡಿ. ಬ್ರೇಕಿನ ದೀಪ ಹತ್ತಿದರೆ, ಪೆಡಲ್ ಮೆತ್ತಗಾದರೆ, ಅಂದಿನಿಂದಲೇ ಕಾರು ನಿಲ್ಲಿಸಿ. ತಾರೀಖು ಮುಂದೆ ಹೋದರೆ ಏಕೆ ಹೋಯಿತೆಂದು ಬರೆಸಿಕೊಳ್ಳಿ. ಓಡಿಸಬಹುದು ಎಂದರೆ, ಅದನ್ನೂ ಹೆಸರು ಹಾಕಿ ಬರೆದು ಕೊಡಿ ಎಂದು ಕೇಳಿ. ಕೇಳಲು ಅಂಜಿಕೆಯಾದರೆ ಬಲ್ಲವರನ್ನು ಜೊತೆಗೆ ಕೂರಿಸಿಕೊಂಡು ಕೇಳಿ. ನಿಮ್ಮ ಹಿಂದಿನ ಸೀಟಿನಲ್ಲಿ ಕೂತವರು ನಿಮ್ಮನ್ನು ನಂಬಿ ಕೂತಿದ್ದಾರೆ, ಅವರಿಗೆ ಪೆಡಲ್ ಕಾಣುವುದಿಲ್ಲ.