ಎಲೆ ಹಿಡಿದ ಮೇಲೆ

"ಎಲೆ ಹಿಡ್ದಾತಲ್ಲ ತಾಯಿ, ಇನ್ನೇನು ಕೇಳೋದು? ಎಲ್ಲಿ ಒತ್ಬೇಕು ಹೇಳು," ಎಂದು ಹುಚ್ಚಮ್ಮ ಹೆಬ್ಬೆರಳು ಮುಂದೆ ಮಾಡಿದಳು. ಕಣ್ಣು ಮಾತ್ರ ಪಕ್ಕದಲ್ಲಿದ್ದ ಸೂಜಿಯ ಮೇಲೇ ಇತ್ತು.

ಚೈತ್ರಶ್ರೀ ಇಂಕ್ ಪ್ಯಾಡ್ ಮುಚ್ಚಿದಳು. ಶಿಕಾರಿಪುರದ ಈ ಡಾಕ್ಟರ್ ಹುಡುಗಿ ಹೊರದೇಶದ ವಿಶ್ವವಿದ್ಯಾಲಯವೊಂದರ ಸ್ನಾತಕೋತ್ತರ ತರಬೇತಿಗೆ ಸೇರಿದ್ದಳು. ಕಾಯಿಲೆಗಳ ಸಂಶೋಧನೆ ಮಾಡುವವರು ಜನರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದೇ ಅಲ್ಲಿನ ಪಾಠ. ತೊಂಬತ್ತೆಂಟರ ಆ ಬೇಸಿಗೆಯಲ್ಲಿ, ಗುಡವಿಯ ಆಚೆಗಿನ ಈ ಊರಲ್ಲಿ, ಜ್ವರದ ಅಧ್ಯಯನಕ್ಕೆ ರಕ್ತ ಕೊಡಲು ಜನರ ಮನಃಪೂರ್ವಕ ಒಪ್ಪಿಗೆ ಪಡೆಯುವುದು ಅವಳ ಕೊನೆಯ ಪರೀಕ್ಷೆ. ಮಳೆ ಹಿಡಿಯುವುದರೊಳಗೆ ಮುಗಿಯದಿದ್ದರೆ ಒಂದು ವರ್ಷ ನೀರಿನಲ್ಲಿ ಹೋಮ.

ಬೆಳಿಗ್ಗೆಯಿಂದ ಎಲ್ಲ ಎಷ್ಟು ಸಲೀಸಾಗಿತ್ತು! "ಬರಿಗೈಲಿ ಹೋಗಬ್ಯಾಡ" ಎಂದು ತಾಯಿ ನೀಲಾಂಬಿಕ ಕಟ್ಟಿಕೊಟ್ಟ ಎಲೆ-ಅಡಿಕೆಯನ್ನು ಶಾಲೆಯ ಜಗಲಿಯಲ್ಲಿ ಸೇರಿದವರಿಗೆಲ್ಲ ಹಂಚಿದ್ದಳು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು ವಿವರಿಸಿದರೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ತನ್ನ ವಿವರಣೆಯೇ ಅಷ್ಟು ಚೆನ್ನಾಗಿದೆ ಎಂದು ಒಳಗೊಳಗೇ ಬೀಗಿದ್ದಳು, ಪಾಪ. ಮದುವೆಯ ಮಾತಿರಲಿ, ಎತ್ತಿನ ವ್ಯಾಪಾರವಿರಲಿ, ಈ ಸೀಮೆಯಲ್ಲಿ ಎಲೆ ಹಿಡಿದರೆ ಮಾತು ಕೊಟ್ಟಂತೆ. ತನ್ನ ಅಕ್ಕನ ನಿಶ್ಚಯವೂ ಹಾಗೇ ಆಗಿದ್ದು ಈಗ ನೆನಪಾಗಿ ಅವಳಿಗೆ ನಾಚಿಕೆಯಾಯಿತು.

"ಅಜ್ಜಿ, ನಿಮಗೆ ಮನಸ್ಸಿಲ್ವಾ?"

"ಮನಸ್ಸು ಕಟ್ಕಂಡು ಏನ್ಮಾಡ್ಲಿ? ಸೂಜಿ ಕಂಡ್ರೆ ಜೀವ ಹಾರ್ತೈತೆ. ಆದ್ರೆ ಎಲೆ ಹಿಡ್ದು ಇಲ್ಲ ಅಂದ್ರೆ ಊರು ನಗಲ್ವಾ?"

ಚೈತ್ರಶ್ರೀ ಖಾಲಿ ತಟ್ಟೆ ಹಿಡಿದು ಜಗಲಿಗೆ ಬಂದಳು. ಊರ ಹಿರಿಯ ಗುತ್ಯಪ್ಪನ ಮುಂದೆ ನಿಂತು, "ತಪ್ಪು ನಂದು ಗುತ್ಯಪ್ಪನವ್ರೇ. ಕೇಳೋಕೆ ಮುಂಚೆನೇ ಎಲೆ ಕೊಟ್ಬಿಟ್ಟೆ. ಎಲ್ರೂ ವಾಪಸ್ ಹಾಕ್ರಿ. ಹೆಬ್ಬೆಟ್ಟು ಒತ್ತಿದ ಕಾಗ್ದ ಎಲ್ಲಾ ಹರಿದು ಹಾಕ್ತೀನಿ," ಎಂದಳು.

"ನಾ ಆಗ್ಲೇ ಜಗ್ದು ಉಗ್ದಾತಲ್ರೀ!" ಎಂದ ಗುತ್ಯಪ್ಪ.

ಜಗಲಿಯೆಲ್ಲ ನಕ್ಕಿತು. ಅವಳೂ ನಕ್ಕಳು. "ಹಂಗಾದ್ರೆ ಮಾತು ವಾಪಸ್ ಅಂತ ಬಾಯಲ್ಲೇ ಹೇಳ್ರಿ."

ಗುತ್ಯಪ್ಪ ಟವೆಲ್ ಕೊಡವಿ ಎದ್ದ. "ವಾಪಸ್ ಕಣ್ರಪ್ಪ. ಇನ್ನು ಅವ್ರವ್ರ ಇಷ್ಟ."

ಒಳಗೆ ಹುಚ್ಚಮ್ಮ ಕಾದಿದ್ದಳು. "ಹಂಗಾರೆ ನಾ ಒಲ್ಲೆ. ಯಾಕೆ ಅಂತ ಹೇಳ್ಬೇಕಾ?"

"ಬೇಡ ಅಜ್ಜಿ."

"ಜ್ವರ ಬಂದ್ರೆ ಔಷಧ ಕೊಡ್ತೀಯಾ?"

"ಕೊಟ್ಟೇ ಕೊಡ್ತೀವಿ."

ಅಜ್ಜಿ ಸೆರಗು ಸರಿಮಾಡಿಕೊಂಡು ಮನೆಗೆ ಹೊರಟಳು. ಮತ್ತೆ ಒಬ್ಬೊಬ್ಬರನ್ನೇ ಕರೆದು ಕೇಳಿದಾಗ, ಮಧ್ಯಾಹ್ನದ ಹೊತ್ತಿಗೆ ಕೆಲವರು ಒಲ್ಲೆ ಎಂದಿದ್ದರು. ಒಪ್ಪಿದವರು ಪ್ರಶ್ನೆ ಕೇಳಿ ಕೇಳಿ ಚೈತ್ರಶ್ರೀಯ ಗಂಟಲು ಒಣಗಿಸಿದ್ದರು. ಮಳೆಗೆ ಮುಂಚೆ ಕೆಲಸ ಮುಗಿಯುವುದು ಅನುಮಾನವೇ. ಆದರೂ ಅವಳಿಗೆ ಎಂದಿಲ್ಲದ ಖುಷಿಯಾಗಿತ್ತು.

ಆಗ ಹುಚ್ಚಮ್ಮ ಮತ್ತೆ ಬಂದಳು, ಎಳೆಯ ಹೆಂಗಸೊಬ್ಬಳ ರಟ್ಟೆ ಹಿಡಿದುಕೊಂಡು.

"ನನ್ ಸೊಸೆ, ಶ್ರೀಲತಾ. ನಾ ಬ್ಯಾಡ ಅಂದೆ ಅಂತ ಇವ್ಳೂ ಬರ್ದೆ ಕುಂತಿದ್ಲು. ಇವಳನ್ನೇ ಕೇಳು. ನಾ ಹೊರಗಿರ್ತೀನಿ."

ಅಜ್ಜಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಶ್ರೀಲತಾ ಮುಚ್ಚಿದ ಬಾಗಿಲನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕುಳಿತಳು.

"ಮೊದ್ಲಿಂದ ಹೇಳ್ರಿ," ಎಂದಳು.